ಸೋತ ಕಾಳಗದ ನೆನಪಿನ ದಿನ: ಆಸ್ಟ್ರೇಲಿಯಾದ ಯೋಧರ ಬಗ್ಗೆ ಓದುಗರ ಪ್ರಶ್ನೆಗಳು

ಮಕ್ಕಳು, ಮೊಮ್ಮಕ್ಕಳು ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಕನ್ನಡ ಮನೆಗಳಿಂದ, ಹಾಗೆಯೇ ಸೈನಿಕ ಇತಿಹಾಸದಲ್ಲಿ ಆಸಕ್ತಿಯುಳ್ಳ ಓದುಗರಿಂದ, ಆ ದೇಶದ ಆನ್ಜಾಕ್ ದಿನಾಚರಣೆ ಹಾಗೂ ಅಲ್ಲಿನ ಯೋಧರ ಕುರಿತು ಬಂದಿರುವ ಪತ್ರಗಳನ್ನು ಈ ಬಾರಿ ಒಟ್ಟಿಗೆ ಕೈಗೆತ್ತಿಕೊಂಡಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ಮಗಳ ಮನೆಯಲ್ಲಿದ್ದಾಗ, ಏಪ್ರಿಲ್ 25ರ ನಸುಕಿನಲ್ಲಿ ಸಾವಿರಾರು ಜನರು ಚಳಿಯಲ್ಲಿ ಯುದ್ಧಸ್ಮಾರಕದ ಮುಂದೆ ಮೌನವಾಗಿ ನಿಂತದ್ದನ್ನು ಕಂಡೆ. ಅವರು ನೆನೆಯುವುದು ಗ್ಯಾಲಿಪೊಲಿಯ ಯುದ್ಧವನ್ನೆಂದೂ ಅದರಲ್ಲಿ ಅವರು ಸೋತಿದ್ದರೆಂದೂ ಅಳಿಯಂದಿರು ತಿಳಿಸಿದರು. ಗೆದ್ದ ಯುದ್ಧಗಳಿರುವಾಗ ಸೋತದ್ದನ್ನು ಇಷ್ಟು ಶ್ರದ್ಧೆಯಿಂದ ಏಕೆ ನೆನೆಯಬೇಕು?
– ಧಾರವಾಡದ ಓದುಗರು

ಉತ್ತರ: ಆರು ಬ್ರಿಟಿಷ್ ವಸಾಹತುಗಳು ಕೂಡಿ ಆಸ್ಟ್ರೇಲಿಯಾ ಒಂದು ರಾಷ್ಟ್ರವಾದದ್ದು 1901ರ ಜನವರಿ 1ರಂದು. ಅದಾಗಿ ಹದಿನಾಲ್ಕು ವರ್ಷ ತುಂಬುವ ಮೊದಲೇ, 1914ರ ಆಗಸ್ಟ್‌ನಲ್ಲಿ, ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು; ಅದೇ ಮೊದಲ ಮಹಾಯುದ್ಧ. ಸಾಮ್ರಾಜ್ಯದ ಅಂಗವಾಗಿದ್ದ ಆಸ್ಟ್ರೇಲಿಯಾವೂ ಅದರೊಂದಿಗೆ ಯುದ್ಧಕ್ಕೆ ಇಳಿದಂತಾಯಿತು. ಹೊರದೇಶದಲ್ಲಿ ಹೋರಾಡಲು ಸ್ವಯಂಸೇವಕರಿಂದಲೇ ಕೂಡಿದ ಆಸ್ಟ್ರೇಲಿಯನ್ ಇಂಪೀರಿಯಲ್ ಫೋರ್ಸ್ ಎಂಬ ಪಡೆಯನ್ನು ಕಟ್ಟಲಾಯಿತು. ಈ ಪಡೆ ಈಜಿಪ್ಟಿನಲ್ಲಿ ತರಬೇತಿ ಪಡೆಯುತ್ತಿದ್ದಾಗ ಅದನ್ನು ನ್ಯೂಜಿಲೆಂಡ್‌ನ ಪಡೆಯೊಂದಿಗೆ ಜೋಡಿಸಲಾಯಿತು. ‘ಆಸ್ಟ್ರೇಲಿಯನ್ ಅಂಡ್ ನ್ಯೂಜಿಲೆಂಡ್ ಆರ್ಮಿ ಕೋರ್’ ಎಂಬ ಅದರ ಹೆಸರಿನ ಮೊದಲಕ್ಷರಗಳಿಂದ ಬಂದದ್ದೇ ಆನ್ಜಾಕ್.

ಡಾರ್ಡನೆಲ್ಸ್ ಜಲಸಂಧಿಯನ್ನು ಭೇದಿಸಿ, ಜರ್ಮನಿಯ ಪಕ್ಷದಲ್ಲಿದ್ದ ತುರ್ಕರ ರಾಜಧಾನಿಯನ್ನು ತಲುಪುವುದು ಬ್ರಿಟಿಷರ ಯೋಜನೆಯಾಗಿತ್ತು. 1915ರ ಮಾರ್ಚ್ 18ರಂದು ಯುದ್ಧನೌಕೆಗಳು ಆ ಯತ್ನದಲ್ಲಿ ವಿಫಲವಾದ ಮೇಲೆ, ಜಲಸಂಧಿಯ ಪಕ್ಕದ ಗ್ಯಾಲಿಪೊಲಿ ಪರ್ಯಾಯ ದ್ವೀಪದಲ್ಲಿ ಕಾಲಾಳುಗಳನ್ನು ಇಳಿಸಲು ನಿರ್ಧಾರವಾಯಿತು. ಏಪ್ರಿಲ್ 25ರ ನಸುಕಿನಲ್ಲಿ ಆನ್ಜಾಕ್ ಪಡೆ ಇಳಿದ ಕಿರಿದಾದ ದಡದ ಹಿಂದೆಯೇ ಕಡಿದಾದ ಗುಡ್ಡಗಳಿದ್ದವು. ಎತ್ತರದ ನೆಲೆಗಳನ್ನು ಹಿಡಿಯುವ ಮುನ್ನವೇ ಮುಸ್ತಫಾ ಕೆಮಾಲ್ ನೇತೃತ್ವದ ತುರ್ಕಿ ಪಡೆ ಅವರನ್ನು ತಡೆಯಿತು. ಅಲ್ಲಿಂದ ಮುಂದೆ ಎಂಟು ತಿಂಗಳು ನಡೆದದ್ದು ಕಂದಕಗಳ ಯುದ್ಧ. ಕೆಲವೆಡೆ ಎರಡೂ ಕಡೆಯ ಕಂದಕಗಳ ನಡುವೆ ಕೆಲವೇ ಮೀಟರುಗಳ ಅಂತರವಿತ್ತು. ಮೇ 19ರ ತುರ್ಕಿ ದಾಳಿಯಲ್ಲಿ ಸತ್ತವರ ಶವಗಳು ಕೊಳೆಯತೊಡಗಿದಾಗ, ಮೇ 24ರಂದು ಎರಡೂ ಪಕ್ಷದವರು ಕದನ ನಿಲ್ಲಿಸಿ, ಅಕ್ಕಪಕ್ಕದಲ್ಲೇ ನಿಂತು ತಮ್ಮ ತಮ್ಮವರನ್ನು ಮಣ್ಣು ಮಾಡಿದರು. ಆಗಸ್ಟ್‌ನಲ್ಲಿ ಲೋನ್ ಪೈನ್ ಎಂಬಲ್ಲಿ ನಾಲ್ಕು ದಿನಗಳ ಕೈಕೈ ಕಾಳಗದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು ಸತ್ತರು ಅಥವಾ ಗಾಯಗೊಂಡರು. ಏಳು ಮಂದಿಗೆ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಅದೇ ದಿನಗಳಲ್ಲಿ, ಆಗಸ್ಟ್ 7ರ ಬೆಳಿಗ್ಗೆ, ನೆಕ್ ಎಂಬ ಇಕ್ಕಟ್ಟಾದ ದಿಣ್ಣೆಯ ಮೇಲೆ ಲೈಟ್ ಹಾರ್ಸ್ ಎಂಬ ಕುದುರೆ ಸವಾರರ ದಳದವರನ್ನು ಸಾಲುಸಾಲಾಗಿ ಮೆಷಿನ್‌ಗನ್ನುಗಳ ಎದುರಿಗೆ ಕಳುಹಿಸಲಾಯಿತು. ಮೊದಲ ಸಾಲು ಕ್ಷಣಾರ್ಧದಲ್ಲಿ ನೆಲಕ್ಕುರುಳಿದ್ದನ್ನು ಕಂಡೂ ಎರಡನೆಯ ಸಾಲು ಕಂದಕ ಏರಿತು, ಬಳಿಕ ಮೂರನೆಯದು. ಅಲ್ಲಿ ಸತ್ತವರು 234 ಮಂದಿ. ಆ ಆದೇಶವನ್ನು ಹಿಂದಕ್ಕೆ ಪಡೆಯದ ಅಧಿಕಾರಿಗಳನ್ನು ಕ್ಷಮಿಸಲು ಇತಿಹಾಸ ಓದುವ ಯಾರಿಗೂ ಸುಲಭವಲ್ಲ.

ಡಿಸೆಂಬರ್ ಹೊತ್ತಿಗೆ ಹಿಮ್ಮೆಟ್ಟುವುದೇ ಲೇಸೆಂದು ತೀರ್ಮಾನವಾಯಿತು. ಆ ಇಡೀ ಸಾಹಸದಲ್ಲಿ ಚೆನ್ನಾಗಿ ನೆರವೇರಿದ್ದು ಈ ಕೊನೆಯ ಭಾಗ ಮಾತ್ರ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ನೀರು ತೊಟ್ಟಿಕ್ಕಿ, ಅದರ ಭಾರಕ್ಕೆ ಟ್ರಿಗರ್ ಎಳೆದು ತಾನಾಗಿಯೇ ಗುಂಡು ಹಾರಿಸುವ ರೈಫಲ್‌ಗಳನ್ನು ಖಾಲಿ ಕಂದಕಗಳಲ್ಲಿ ಇರಿಸಿ, ಡಿಸೆಂಬರ್ 20ರ ನಸುಕಿನೊಳಗೆ ಉಳಿದವರೆಲ್ಲ ದೋಣಿಯೇರಿದರು. ಹಿಂದೆ ಉಳಿದದ್ದು ಸತ್ತ ಎಂಟು ಸಾವಿರಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು, ಸುಮಾರು 2,700 ನ್ಯೂಜಿಲೆಂಡ್‌ನವರು. ಬ್ರಿಟಿಷರು ಮತ್ತು ಫ್ರೆಂಚರು ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿ ಸತ್ತರು. ತಮ್ಮ ನೆಲವನ್ನು ಕಾಯುತ್ತಿದ್ದ ತುರ್ಕರು ಕಳೆದುಕೊಂಡದ್ದು 80 ಸಾವಿರಕ್ಕೂ ಹೆಚ್ಚು ಜನರನ್ನು.

ಈಗ ತಮ್ಮ ಪ್ರಶ್ನೆಗೆ ಬರೋಣ. ಮೊದಲ ಆನ್ಜಾಕ್ ದಿನವನ್ನು ಆಚರಿಸಿದ್ದು 1916ರ ಏಪ್ರಿಲ್ 25ರಂದು. ಆಗ ಯುದ್ಧ ಮುಗಿದಿರಲಿಲ್ಲ, ಗೆಲುವು ಯಾರದೆಂದೂ ತಿಳಿದಿರಲಿಲ್ಲ. ಮನೆಮನೆಗಳಲ್ಲಿ ವರ್ಷ ತುಂಬದ ಶೋಕವಿತ್ತು. ಅಂದರೆ ಅದು ಹುಟ್ಟಿದ್ದೇ ಸತ್ತವರ ದಿನವಾಗಿ. ಸರ್ಕಾರ ಅದನ್ನು ಹೊಸಬರನ್ನು ಸೈನ್ಯಕ್ಕೆ ಸೇರಿಸಲೂ ಬಳಸಿಕೊಂಡಿತೆಂಬುದು ನಿಜ; ಆದರೆ ಯುದ್ಧ ಮುಗಿದು ಆ ಅಗತ್ಯ ತೀರಿದ ಮೇಲೂ ಆ ದಿನ ಉಳಿಯಿತು. ಅಲ್ಲದೆ, ಆರು ವಸಾಹತುಗಳ ಗಂಡಸರು ಒಂದೇ ದೇಶದ ಹೆಸರಿನಲ್ಲಿ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಟ್ಟಿಗೆ ಹೋರಾಡಿದ್ದು ಅದೇ ಮೊದಲು. ಯುದ್ಧವರದಿಗಾರ ಚಾರ್ಲ್ಸ್ ಬೀನ್ ಅವರ ಬರಹಗಳು ಆ ಯೋಧರಿಗೆ ಒಂದು ಸ್ಪಷ್ಟ ರೂಪ ಕೊಟ್ಟವು: ಕಷ್ಟಸಹಿಷ್ಣು, ಗೆಳೆಯನನ್ನು ಕೈಬಿಡದವನು, ಅಧಿಕಾರಕ್ಕೆ ಸುಮ್ಮನೆ ತಲೆಬಾಗದ ಹಳ್ಳಿಗಾಡಿನ ಮನುಷ್ಯ. ಈ ಚಿತ್ರದಲ್ಲಿ ಸತ್ಯದೊಂದಿಗೆ ಒಂದಿಷ್ಟು ಬಣ್ಣವೂ ಇದೆ. ಸೈನ್ಯಕ್ಕೆ ಸೇರಿದವರಲ್ಲಿ ಪಟ್ಟಣಗಳ ಕೂಲಿಗಳು, ಕುಶಲಕರ್ಮಿಗಳು, ಗುಮಾಸ್ತರು ಬಹಳ ಮಂದಿಯಿದ್ದರು. ಬ್ರಿಟನ್ನಿನಲ್ಲಿ ಹುಟ್ಟಿ ವಲಸೆ ಬಂದವರೂ ಗಣನೀಯ ಸಂಖ್ಯೆಯಲ್ಲಿದ್ದರು. ಒಂದು ಮಾತನ್ನು ಸೇರಿಸಲೇಬೇಕು. ಮೊದಲ ಮಹಾಯುದ್ಧದಲ್ಲಿ ಸತ್ತ 60 ಸಾವಿರಕ್ಕೂ ಹೆಚ್ಚು ಆಸ್ಟ್ರೇಲಿಯನ್ನರಲ್ಲಿ ಸುಮಾರು 46 ಸಾವಿರ ಮಂದಿ ಸತ್ತದ್ದು ಗ್ಯಾಲಿಪೊಲಿಯಲ್ಲಲ್ಲ, ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ. 1916ರ ಜುಲೈ 19ರಂದು ಫ್ರಾಮೆಲ್‌ನಲ್ಲಿ ಒಂದೇ ರಾತ್ರಿಗೆ 5,533 ಮಂದಿ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ಅಷ್ಟೇ ಅಲ್ಲ, ವೃತ್ತಿಯಿಂದ ಎಂಜಿನಿಯರ್ ಆಗಿದ್ದ ಆಸ್ಟ್ರೇಲಿಯಾದ ಸೇನಾಪತಿ ಜಾನ್ ಮೊನಾಶ್ 1918ರ ಜುಲೈ 4ರಂದು ಹಾಮೆಲ್‌ನಲ್ಲಿ ಟ್ಯಾಂಕು, ವಿಮಾನ, ಫಿರಂಗಿ, ಕಾಲಾಳುಗಳನ್ನು ಗಡಿಯಾರದ ಮುಳ್ಳಿಗೆ ಹೊಂದಿಸಿ 93 ನಿಮಿಷಗಳಲ್ಲಿ ಗೆದ್ದ ಕಾಳಗವೂ ಇದೆ. ಆ ಗೆಲುವನ್ನು ಸೈನಿಕ ಶಾಲೆಗಳಲ್ಲಿ ಓದುತ್ತಾರೆ. ಜನರು ನಸುಕಿನಲ್ಲಿ ಎದ್ದು ನಿಲ್ಲುವುದು ಮಾತ್ರ ಏಪ್ರಿಲ್ 25ಕ್ಕೆ.

ಪ್ರಶ್ನೆ: ಗ್ಯಾಲಿಪೊಲಿಯಲ್ಲಿ ಭಾರತೀಯ ಸೈನಿಕರೂ ಇದ್ದರೆಂದು ಕೇಳಿದ್ದೇನೆ. ನಿಜವೇ? ಆಸ್ಟ್ರೇಲಿಯನ್ನರಿಗೂ ನಮ್ಮ ಮೈಸೂರು ಸಂಸ್ಥಾನದ ಪಡೆಗೂ ಸಂಬಂಧವಿತ್ತೇ?
– ಮಡಿಕೇರಿಯ ಓದುಗರು, ನಿವೃತ್ತ ಸೈನಿಕರು

ಉತ್ತರ: ಎರಡಕ್ಕೂ ಉತ್ತರ ಹೌದು. ಮೊದಲ ದಿನವೇ ಆನ್ಜಾಕ್ ದಡದಲ್ಲಿ ಇಳಿದವರಲ್ಲಿ ಭಾರತೀಯ ಪರ್ವತ ಫಿರಂಗಿದಳದವರಿದ್ದರು. ಬಿಚ್ಚಿ, ಹೇಸರಗತ್ತೆಗಳ ಬೆನ್ನಿನ ಮೇಲೆ ಹೇರಿ ಗುಡ್ಡ ಹತ್ತಿಸಬಹುದಾದ ಅವರ ಸಣ್ಣ ತೋಪುಗಳೇ ಆರಂಭದ ಗಂಟೆಗಳಲ್ಲಿ ಆಸ್ಟ್ರೇಲಿಯನ್ನರಿಗೆ ದೊರೆತ ಫಿರಂಗಿ ಬೆಂಬಲ. ಸಿಖ್ಖರು ಮತ್ತು ಗೂರ್ಖಾಗಳಿದ್ದ 29ನೆಯ ಭಾರತೀಯ ಬ್ರಿಗೇಡ್ ಅದೇ ಪರ್ಯಾಯ ದ್ವೀಪದಲ್ಲಿ ಹೋರಾಡಿತು. ನೀರು, ಮದ್ದುಗುಂಡು, ಆಹಾರಗಳನ್ನು ರಾತ್ರಿಯಿಡೀ ಮೇಲಕ್ಕೆ ಸಾಗಿಸಿದವರು ಭಾರತೀಯ ಹೇಸರಗತ್ತೆ ದಳದವರು. ಕತ್ತೆಯ ಮೇಲೆ ಗಾಯಾಳುಗಳನ್ನು ಕೂರಿಸಿ ಕೆಳಗೆ ತರುತ್ತಿದ್ದ ಸಿಂಪ್ಸನ್ ಎಂಬ ಸೈನಿಕನ ಕಥೆ ಆಸ್ಟ್ರೇಲಿಯಾದ ಪ್ರತಿ ಮಗುವಿಗೂ ಗೊತ್ತು. ಉತ್ತರ ಇಂಗ್ಲೆಂಡಿನಲ್ಲಿ ಹುಟ್ಟಿದ್ದ ಆತ ತನ್ನ ಘಟಕವನ್ನು ಬಿಟ್ಟು ಭಾರತೀಯ ಫಿರಂಗಿದಳದವರ ಬಿಡಾರದಲ್ಲಿ ಉಳಿಯುತ್ತಿದ್ದ, ಅವರ ಊಟವನ್ನೇ ಉಣ್ಣುತ್ತಿದ್ದ, ಅವರು ಅವನನ್ನು ‘ಬಹಾದೂರ್’ ಎಂದು ಕರೆಯುತ್ತಿದ್ದರು ಎಂಬುದು ಮಾತ್ರ ಅನೇಕರಿಗೆ ತಿಳಿಯದು. ಮೇ 19ರಂದು ಸಾಯುವ ತನಕ ಆತ ಆ ಕೆಲಸ ಮಾಡಿದ್ದು ನಾಲ್ಕು ವಾರವೂ ಅಲ್ಲ.

ಮೈಸೂರಿನ ನಂಟು ಪ್ಯಾಲೆಸ್ಟೈನ್‌ನಲ್ಲಿ ಬೆಳೆದದ್ದು. ಅಲ್ಲಿ ಬ್ರಿಟಿಷ್ ಸೇನಾಪತಿ ಅಲೆನ್‌ಬಿಯ ಕೈಕೆಳಗೆ ಡೆಸರ್ಟ್ ಮೌಂಟೆಡ್ ಕೋರ್ ಎಂಬ ದೊಡ್ಡ ಅಶ್ವಪಡೆಯಿತ್ತು. ಅದರ ದಂಡನಾಯಕ ಆಸ್ಟ್ರೇಲಿಯಾದ ಹ್ಯಾರಿ ಶಾವೆಲ್. 1918ರ ದಂಡಯಾತ್ರೆಯಲ್ಲಿ ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್ ಪಡೆಗಳಿದ್ದ 15ನೆಯ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡ್ ಇದೇ ಕೋರ್‌ನ ಭಾಗವಾಗಿತ್ತು. ಹಾಗಾಗಿ, ಸೆಪ್ಟೆಂಬರ್ 23ರಂದು ಮೈಸೂರಿನ ರಾವುತರು ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಮೇಲೆ ಏರಿಹೋಗಿ, ಜೋಧಪುರದವರು ನೇರವಾಗಿ ಊರೊಳಗೆ ನುಗ್ಗಿ ಹೈಫಾವನ್ನು ಗೆದ್ದಾಗ ಅವರ ಕೋರ್ ಕಮಾಂಡರ್ ಆಗಿದ್ದವರು ಒಬ್ಬ ಆಸ್ಟ್ರೇಲಿಯನ್. ಅಕ್ಟೋಬರ್ ಮೊದಲ ದಿನ ಆಸ್ಟ್ರೇಲಿಯಾದ ಲೈಟ್ ಹಾರ್ಸ್ ಡಮಾಸ್ಕಸ್ ಪ್ರವೇಶಿಸಿತು. ಅದೇ ತಿಂಗಳ 26ರಂದು ಅಲೆಪ್ಪೊ ಸಮೀಪದ ಹರಿತಾನ್‌ನಲ್ಲಿ ಮೈಸೂರು ಮತ್ತು ಜೋಧಪುರದ ರಾವುತರು ತಮಗಿಂತ ದೊಡ್ಡ ಪಡೆಯ ಮೇಲೆ ಕುದುರೆಗಳನ್ನು ಹರಿಸಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕವನ್ನು ನೋಡಿದವರು ಈ ಹಿನ್ನೆಲೆಯನ್ನು ನೆನಪಿಗೆ ತಂದುಕೊಳ್ಳಬಹುದು.

ಕುದುರೆಗಳ ನಂಟೂ ಇದೆ. ನ್ಯೂ ಸೌತ್ ವೇಲ್ಸ್ ಮೂಲದಿಂದ ‘ವೇಲರ್’ ಎಂದು ಹೆಸರಾದ ಆಸ್ಟ್ರೇಲಿಯಾದ ಕುದುರೆಗಳನ್ನು ಭಾರತೀಯ ಸೇನೆ ಹತ್ತೊಂಬತ್ತನೆಯ ಶತಮಾನದಿಂದಲೂ ಕೊಳ್ಳುತ್ತಿತ್ತು. ಮೊದಲ ಮಹಾಯುದ್ಧಕ್ಕೆ ಹೊರಟ ಸುಮಾರು 1,36,000 ಕುದುರೆಗಳಲ್ಲಿ ಆಸ್ಟ್ರೇಲಿಯಾಕ್ಕೆ ಮರಳಿದ್ದು ಒಂದೇ ಒಂದು. ಗ್ಯಾಲಿಪೊಲಿಯಲ್ಲಿ ಗಾಯಗೊಂಡು ಸತ್ತ ಜನರಲ್ ಬ್ರಿಜಸ್ ಅವರ ಸ್ಯಾಂಡಿ. ಬದುಕುಳಿದ ಉಳಿದ ಕುದುರೆಗಳಲ್ಲಿ ಹಲವು ಭಾರತೀಯ ಸೇನೆಗೆ ಹಸ್ತಾಂತರವಾದವು.

ತಾವು ಸೈನಿಕರಾಗಿದ್ದವರಾದ್ದರಿಂದ ಇನ್ನೊಂದನ್ನು ತಿಳಿಸುತ್ತೇನೆ. ಕೊರಿಯಾ ಯುದ್ಧದಲ್ಲಿ, 1951ರ ಏಪ್ರಿಲ್ 23ರಿಂದ 25ರವರೆಗೆ ಕಾಪ್ಯೊಂಗ್ ಕಣಿವೆಯಲ್ಲಿ ಚೀನೀ ಪಡೆಯನ್ನು ತಡೆದು ನಿಲ್ಲಿಸಿದ ಘಟಕಗಳಲ್ಲಿ ಆಸ್ಟ್ರೇಲಿಯಾದ ಮೂರನೆಯ ಬೆಟಾಲಿಯನ್ ಒಂದು. ಅದಿದ್ದ 27ನೆಯ ಕಾಮನ್‌ವೆಲ್ತ್ ಬ್ರಿಗೇಡ್‌ನೊಂದಿಗೆ ಸೇವೆ ಸಲ್ಲಿಸುತ್ತಿದ್ದ ವೈದ್ಯಕೀಯ ದಳ ಸ್ವತಂತ್ರ ಭಾರತದ್ದು, ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್.

ಪ್ರಶ್ನೆ: ಆಸ್ಟ್ರೇಲಿಯಾದ ಸೈನಿಕರ ಟೋಪಿಯ ಒಂದು ಅಂಚು ಮಾತ್ರ ಮೇಲಕ್ಕೆ ಮಡಿಚಿರುವುದೇಕೆ? ಕೆಲವರ ಟೋಪಿಯಲ್ಲಿ ಗರಿಗಳೂ ಇರುತ್ತವೆ.
– ಶಿವಮೊಗ್ಗದ ಹೈಸ್ಕೂಲು ವಿದ್ಯಾರ್ಥಿನಿ

ಉತ್ತರ: ರೈಫಲನ್ನು ಭುಜಕ್ಕೇರಿಸಿ ಕವಾಯತು ಮಾಡುವಾಗ ಅಗಲ ಅಂಚು ಅಡ್ಡ ಬರಬಾರದೆಂದು ಎಡ ಅಂಚನ್ನು ಮಡಿಚುತ್ತಿದ್ದರು. 1880ರ ದಶಕದಲ್ಲಿ ವಿಕ್ಟೋರಿಯಾ ವಸಾಹತಿನ ಅಶ್ವಪಡೆ ಬಳಕೆಗೆ ತಂದ ಈ ‘ಸ್ಲೌಚ್ ಹ್ಯಾಟ್’ ಬಿಸಿಲು ಮಳೆಗಳೆರಡಕ್ಕೂ ಒದಗುತ್ತಿದ್ದುದರಿಂದ ನೆಲೆನಿಂತಿತು. ಮಡಿಚಿದ ಅಂಚಿನ ಮೇಲಿರುವುದು ‘ಉದಯಸೂರ್ಯ’ ಬಿಲ್ಲೆ. ಗರಿಗಳು ಎಮು ಪಕ್ಷಿಯವು. ಕ್ವೀನ್ಸ್‌ಲ್ಯಾಂಡ್‌ನ ಅಶ್ವಪಡೆಯಿಂದ ಬಂದ ಈ ರೂಢಿಯನ್ನು ಲೈಟ್ ಹಾರ್ಸ್‌ನವರು ತಮ್ಮದಾಗಿಸಿಕೊಂಡರು. ಲೈಟ್ ಹಾರ್ಸ್‌ನವರು ಕುದುರೆಯ ಮೇಲೆ ಹೋಗಿ, ಇಳಿದು ಹೋರಾಡುವವರು, ಅವರಲ್ಲಿ ಕತ್ತಿಗಳಿರಲಿಲ್ಲ. ಆದ್ದರಿಂದಲೇ 1917ರ ಅಕ್ಟೋಬರ್ 31ರ ಸಂಜೆ, ನೀರಿನ ಬಾವಿಗಳಿಗಾಗಿ ಪ್ಯಾಲೆಸ್ಟೈನ್‌ನ ಬೀರ್‌ಶೇಬಾ ಪಟ್ಟಣದ ಮೇಲೆ ನುಗ್ಗಿದಾಗ, ಸುಮಾರು 800 ಸವಾರರು ಬಂದೂಕಿನ ಬಯೊನೆಟ್‌ಗಳನ್ನೇ ಕತ್ತಿಯಂತೆ ಕೈಯಲ್ಲಿ ಹಿಡಿದಿದ್ದರು. ಕತ್ತಲಾಗುವ ಮುನ್ನ ಊರು ಅವರ ವಶವಾಯಿತು. ಸತ್ತವರು 31 ಮಂದಿ.

ಪ್ರಶ್ನೆ: ಆಸ್ಟ್ರೇಲಿಯನ್ ಸೈನಿಕರು ಅಧಿಕಾರಿಗಳಿಗೆ ಸೆಲ್ಯೂಟ್ ಸಹ ಹೊಡೆಯುತ್ತಿರಲಿಲ್ಲ, ಅವರಿಗೆ ಮರಣದಂಡನೆಯೇ ಇರಲಿಲ್ಲ ಎಂದು ಓದಿದೆ. ಇದು ಉತ್ಪ್ರೇಕ್ಷೆಯಲ್ಲವೇ?
– ಬೆಂಗಳೂರಿನ ಓದುಗರು

ಉತ್ತರ: ಎರಡನೆಯ ಮಾತು ಹೆಚ್ಚುಕಡಿಮೆ ಸರಿ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಸೆರೆಯಾಳುಗಳನ್ನು ಕೊಂದ ಅಪರಾಧಕ್ಕೆ ಹ್ಯಾರಿ ಮೊರಾಂಟ್ ಮತ್ತು ಪೀಟರ್ ಹ್ಯಾಂಡ್‌ಕಾಕ್ ಎಂಬ, ಆಸ್ಟ್ರೇಲಿಯಾದಿಂದ ಹೋಗಿದ್ದ ಇಬ್ಬರನ್ನು ಬ್ರಿಟಿಷ್ ಸೇನೆ 1902ರ ಫೆಬ್ರವರಿ 27ರಂದು ಗುಂಡಿಟ್ಟು ಕೊಂದಿತು. ಅವರು ತಪ್ಪಿತಸ್ಥರಾಗಿದ್ದರು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಆಸ್ಟ್ರೇಲಿಯಾದ ಸರ್ಕಾರಕ್ಕೆ ಮೊದಲೇ ತಿಳಿಸದೆ ನಡೆದ ಆ ಶಿಕ್ಷೆ ಅಲ್ಲಿ ಆಳವಾದ ಅಸಮಾಧಾನ ಹುಟ್ಟಿಸಿತು. 1903ರ ರಕ್ಷಣಾ ಕಾಯಿದೆಯು ಮರಣದಂಡನೆಯನ್ನು ದಂಗೆ, ಶತ್ರುಪಕ್ಷ ಸೇರುವಿಕೆ, ದ್ರೋಹದಂಥ ಕೆಲವೇ ಅಪರಾಧಗಳಿಗೆ ಸೀಮಿತಗೊಳಿಸಿ, ಗವರ್ನರ್ ಜನರಲ್ ದೃಢೀಕರಿಸದೆ ಅದನ್ನು ಜಾರಿಗೊಳಿಸುವಂತಿಲ್ಲ ಎಂದಿತು. ಮೊದಲ ಮಹಾಯುದ್ಧದಲ್ಲಿ ಪಲಾಯನ ಮುಂತಾದ ಅಪರಾಧಗಳಿಗಾಗಿ ಬ್ರಿಟನ್ ತನ್ನ 300ಕ್ಕೂ ಹೆಚ್ಚು ಸೈನಿಕರನ್ನೂ ಕೆನಡಾ 25 ಮಂದಿಯನ್ನೂ ನ್ಯೂಜಿಲೆಂಡ್ ಐವರನ್ನೂ ಮರಣದಂಡನೆಯಲ್ಲಿ ಕಳೆದುಕೊಂಡವು. ನೂರಕ್ಕೂ ಹೆಚ್ಚು ಆಸ್ಟ್ರೇಲಿಯನ್ನರಿಗೆ ಈ ಶಿಕ್ಷೆ ವಿಧಿಸಲಾಗಿತ್ತಾದರೂ ಒಬ್ಬರನ್ನೂ ಕೊಲ್ಲಲಿಲ್ಲ. ಬ್ರಿಟಿಷ್ ಸೇನಾಪತಿಗಳು ಎಷ್ಟೇ ಒತ್ತಾಯಿಸಿದರೂ ಸರ್ಕಾರ ಮಣಿಯಲಿಲ್ಲ.

ಇದರ ಹಿಂದಿನ ತರ್ಕ ಸರಳವಾಗಿತ್ತು. ತಾನಾಗಿ ಬಂದು ಹೆಸರು ಬರೆಸಿದ ನಾಗರಿಕನನ್ನು ಅವನ ದೇಶವೇ ಕೊಲ್ಲಬಾರದು. ಒಟ್ಟು 50 ಲಕ್ಷಕ್ಕೂ ಕಡಿಮೆ ಜನಸಂಖ್ಯೆಯ ದೇಶದಿಂದ 4,16,000ಕ್ಕೂ ಹೆಚ್ಚು ಮಂದಿ ಆ ಯುದ್ಧದಲ್ಲಿ ಸೈನ್ಯಕ್ಕೆ ಸೇರಿದರು, ಎಲ್ಲರೂ ಸ್ವಇಚ್ಛೆಯಿಂದ. ಕಡ್ಡಾಯ ಸೈನಿಕ ಸೇವೆಯನ್ನು ಹೊರದೇಶದ ಯುದ್ಧಕ್ಕೂ ವಿಸ್ತರಿಸಲು ಪ್ರಧಾನಿ ಬಿಲ್ಲಿ ಹ್ಯೂಸ್ 1916ರಲ್ಲೊಮ್ಮೆ, 1917ರಲ್ಲೊಮ್ಮೆ ಜನಮತ ಕೇಳಿದರು. ಎರಡು ಸಲವೂ ಜನರು ಬೇಡವೆಂದರು. ಯುದ್ಧದ ನಟ್ಟನಡುವೆ, ಸಾವಿನ ಪಟ್ಟಿಗಳು ದಿನವೂ ಪತ್ರಿಕೆಗಳಲ್ಲಿ ಬರುತ್ತಿದ್ದಾಗ, ಇಂಥ ಪ್ರಶ್ನೆಯನ್ನು ಮತಪೆಟ್ಟಿಗೆಯ ಮುಂದಿಟ್ಟ ದೇಶ ಅಪರೂಪ. ಆಸ್ಟ್ರೇಲಿಯಾದ ಸೈನಿಕ ಪರಂಪರೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಕಾಳಗದ ಕೆಚ್ಚಿಗಿಂತ ಈ ಸಂಗತಿಯೇ. ಅಧಿಕಾರಿಯ ಮುಂದೆ ಸಡಿಲವಾಗಿ ನಿಲ್ಲುವುದು, ಸೆಲ್ಯೂಟ್‌ನಲ್ಲಿ ಉದಾಸೀನ ತೋರುವುದು ಇದೇ ಸ್ವಾತಂತ್ರ್ಯದ ಹೊರರೂಪಗಳು.

ಆದರೆ ಅಶಿಸ್ತಿಗೆ ಬೆಲೆಯೂ ಇತ್ತು. 1915ರ ಗುಡ್ ಫ್ರೈಡೆಯಂದು ಕೈರೋದಲ್ಲಿ ಆನ್ಜಾಕ್ ಸೈನಿಕರು ವೇಶ್ಯಾಗೃಹಗಳಿದ್ದ ಬೀದಿಯಲ್ಲಿ ದಾಂಧಲೆ ನಡೆಸಿ ಬೆಂಕಿ ಹಚ್ಚಿದರು. 1918ರ ಡಿಸೆಂಬರ್‌ನಲ್ಲಿ ತಮ್ಮವನೊಬ್ಬನ ಕೊಲೆಯ ಸೇಡಿಗೆಂದು ನ್ಯೂಜಿಲೆಂಡ್ ಹಾಗೂ ಆಸ್ಟ್ರೇಲಿಯಾದ ಸವಾರರು ಪ್ಯಾಲೆಸ್ಟೈನಿನ ಸುರಾಫೆಂದ್ ಹಳ್ಳಿಯ ಮೇಲೆ ಬಿದ್ದು ಹಲವಾರು ಗಂಡಸರನ್ನು ಕೊಂದರು, ಯಾರಿಗೂ ಶಿಕ್ಷೆಯಾಗಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಅಫ್ಘಾನಿಸ್ತಾನದಲ್ಲಿ ತಮ್ಮ ವಿಶೇಷ ಪಡೆಯವರು 39 ಮಂದಿಯನ್ನು ಕಾನೂನುಬಾಹಿರವಾಗಿ ಕೊಂದಿದ್ದಾರೆನ್ನಲು ವಿಶ್ವಾಸಾರ್ಹ ಮಾಹಿತಿಯಿದೆ ಎಂಬ ವರದಿಯನ್ನು 2020ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಸೇನೆಯೇ ಬಹಿರಂಗಪಡಿಸಿತು. ತನ್ನವರ ಮೇಲಿನ ಇಂಥ ಆರೋಪವನ್ನು ಸ್ವತಃ ಪ್ರಕಟಿಸುವುದು ಯಾವ ಸೇನೆಗೂ ಸುಲಭವಲ್ಲ. ಅದನ್ನು ಗೌರವದಿಂದಲೇ ಗುರುತಿಸಬೇಕು.

ಪ್ರಶ್ನೆ: ಅಲ್ಲಿ ಸಂಚರಿಸುವಾಗ ನೂರಿನ್ನೂರು ಮನೆಗಳ ಊರಿನಲ್ಲೂ ಸೈನಿಕನ ಪ್ರತಿಮೆಯೋ ಹೆಸರುಗಳ ಕಲ್ಲುಕಂಬವೋ ಕಂಡಿತು. ಯುದ್ಧವೇ ನಡೆಯದ ಊರುಗಳಲ್ಲಿ ಇಷ್ಟೊಂದು ಸ್ಮಾರಕಗಳೇಕೆ?
– ಹಾಸನದ ಓದುಗರು

ಉತ್ತರ: ಯುದ್ಧ ಅಲ್ಲಿ ನಡೆಯದೆ ಇದ್ದುದೇ ಕಾರಣ. ಸತ್ತವರನ್ನು ಸತ್ತಲ್ಲಿಯೇ ಹೂಳಬೇಕು, ಶ್ರೀಮಂತರೆಂದೋ ಅಧಿಕಾರಿಗಳೆಂದೋ ಯಾರ ದೇಹವನ್ನೂ ಊರಿಗೆ ತರಬಾರದು ಎಂಬುದು ಆಗಿನ ಸಾಮ್ರಾಜ್ಯದ ನಿಯಮವಾಗಿತ್ತು. ತುರ್ಕಿ, ಫ್ರಾನ್ಸ್‌ಗಳಿಗೆ ಹಡಗಿನಲ್ಲಿ ವಾರಗಟ್ಟಲೆ ಪಯಣಿಸುವ ಶಕ್ತಿ ಎಷ್ಟು ತಾಯಂದಿರಿಗಿತ್ತು? ಮಗನ ಸಮಾಧಿಯನ್ನು ಎಂದೂ ಕಾಣಲಾಗದವರಿಗೆ ಊರಿನ ಕಲ್ಲೇ ಸಮಾಧಿಯಾಯಿತು. ಹೂವಿಡಲು, ಹೆಸರಿನ ಮೇಲೆ ಕೈಯಾಡಿಸಲು ಒಂದು ಜಾಗವಾಯಿತು. ನಮ್ಮ ಹಳ್ಳಿಗಳ ವೀರಗಲ್ಲುಗಳನ್ನು ಕಂಡವರಿಗೆ ಈ ಭಾವ ಅಪರಿಚಿತವಲ್ಲ. ಒಂದು ವ್ಯತ್ಯಾಸವಿದೆ: ಅಲ್ಲಿನ ಬಹಳಷ್ಟು ಕಲ್ಲುಗಳ ಮೇಲೆ ಸತ್ತವರ ಹೆಸರುಗಳ ಜೊತೆಗೆ ಯುದ್ಧಕ್ಕೆ ಹೋಗಿ ಬದುಕಿ ಬಂದವರ ಹೆಸರುಗಳೂ ಇವೆ. ಎಲ್ಲರೂ ಸ್ವಯಂಸೇವಕರಾಗಿದ್ದುದರಿಂದ, ಹೋದದ್ದೇ ಕೆತ್ತಿಡಲು ಯೋಗ್ಯವೆಂದು ಊರವರು ಭಾವಿಸಿದರು. ಅದರಿಂದ ಹೋಗದವರ ಹೆಸರಿಲ್ಲದಿರುವುದೂ ಎಲ್ಲರ ಕಣ್ಣಿಗೆ ಬೀಳುವಂತಾಯಿತು. ಸಣ್ಣ ಊರಿನಲ್ಲಿ ಅದು ಎಷ್ಟು ಚುಚ್ಚುವ ಸಂಗತಿಯೆಂಬುದನ್ನು ಊಹಿಸಿಕೊಳ್ಳಬಹುದು.

ಬಲ್ಲಾರಟ್ ಪಟ್ಟಣದಲ್ಲಿ ಕಲ್ಲಿನ ಬದಲು ಮರಗಳನ್ನು ಆರಿಸಿಕೊಂಡರು. ಉಡುಪು ಕಾರ್ಖಾನೆಯೊಂದರ ಹೆಣ್ಣುಮಕ್ಕಳು 1917ರಿಂದ 1919ರವರೆಗೆ, ಆ ಊರಿನಿಂದ ಹೊರಟ ಒಬ್ಬೊಬ್ಬರಿಗೆ ಒಂದೊಂದರಂತೆ, ಸೈನ್ಯಕ್ಕೆ ಸೇರಿದ ಅನುಕ್ರಮದಲ್ಲಿಯೇ, ಸುಮಾರು 22 ಕಿಲೋಮೀಟರ್ ಉದ್ದಕ್ಕೆ ನಾಲ್ಕು ಸಾವಿರದ ಸಮೀಪ ಮರಗಳನ್ನು ನೆಟ್ಟರು.

ಕ್ಯಾನ್‌ಬೆರಾಕ್ಕೆ ಹೋದರೆ 1941ರ ನವೆಂಬರ್ 11ರಂದು ತೆರೆದ ಆಸ್ಟ್ರೇಲಿಯನ್ ಯುದ್ಧಸ್ಮಾರಕವನ್ನು ತಪ್ಪದೆ ನೋಡಿ. ಅಲ್ಲಿನ ಕಂಚಿನ ಫಲಕಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಯಾವ ಹೆಸರಿನ ಹಿಂದೆಯೂ ಮುಂದೆಯೂ ಹುದ್ದೆಯಿಲ್ಲ, ಪದಕದ ಉಲ್ಲೇಖವಿಲ್ಲ. ಜನರಲ್ ಮತ್ತು ಅಡುಗೆಯ ಸಿಪಾಯಿ ಒಂದೇ ಅಳತೆಯ ಅಕ್ಷರಗಳಲ್ಲಿದ್ದಾರೆ. ಫಲಕದ ಸಂದುಗಳಲ್ಲಿ ಬಂದವರು ಕೆಂಪು ಪಾಪಿ (ಗಸಗಸೆ ಜಾತಿಯ) ಹೂಗಳನ್ನು ಸಿಕ್ಕಿಸಿಹೋಗುತ್ತಾರೆ. 1993ರ ನವೆಂಬರ್ 11ರಂದು ಫ್ರಾನ್ಸ್‌ನ ಸಮಾಧಿಯೊಂದರಿಂದ ತಂದ ಹೆಸರಿಲ್ಲದ ಯೋಧನೊಬ್ಬನ ಅವಶೇಷಗಳನ್ನು ಅಲ್ಲಿ ಇರಿಸಲಾಯಿತು. ಹುಡುಕಾಟ ಇನ್ನೂ ನಿಂತಿಲ್ಲ: ಫ್ರಾಮೆಲ್‌ನಲ್ಲಿ ಜರ್ಮನರು ಹೂಳಿದ್ದ 250 ಸೈನಿಕರ ಸಾಮೂಹಿಕ ಗೋರಿಯೊಂದು ಪತ್ತೆಯಾಗಿ, ಡಿಎನ್‌ಎ ಪರೀಕ್ಷೆಯ ನೆರವಿನಿಂದ ಅನೇಕರಿಗೆ ತೊಂಬತ್ತು ವರ್ಷಗಳ ಮೇಲೆ ಹೆಸರು ದೊರೆಯಿತು. ಅವರಿಗಾಗಿ ಕಟ್ಟಿದ ಹೊಸ ಸ್ಮಶಾನ 2010ರಲ್ಲಿ ಪೂರ್ಣವಾಯಿತು.

ಪ್ರಶ್ನೆ: ಎರಡನೆಯ ಮಹಾಯುದ್ಧದಲ್ಲಿ ಅವರ ಮುಖ್ಯ ಕಾಳಗ ಯಾವುದು?
– ಮಂಗಳೂರಿನ ಓದುಗರು

ಉತ್ತರ: ಹೆಸರಿಗೆ ದೊಡ್ಡದು 1941ರಲ್ಲಿ ಲಿಬಿಯಾದ ಟೊಬ್ರುಕ್ ಕೋಟೆಯನ್ನು ತಿಂಗಳುಗಟ್ಟಲೆ ಉಳಿಸಿಕೊಂಡದ್ದು. ‘ಇಲಿಗಳು’ ಎಂದು ಜರ್ಮನ್ ಪ್ರಚಾರಕರು ಹೀಗಳೆದದ್ದನ್ನೇ ಅವರು ಬಿರುದಾಗಿ ಧರಿಸಿದರು. ಮನಸ್ಸಿಗೆ ಹತ್ತಿರವಾದದ್ದು ಮಾತ್ರ ಆಸ್ಟ್ರೇಲಿಯಾದ ಉತ್ತರಕ್ಕಿರುವ ಪಪುವಾದ ಕೊಕೊಡಾ ಕಾಲುದಾರಿಯ ಕಾಳಗ. 1942ರ ಫೆಬ್ರವರಿ 15ರಂದು ಸಿಂಗಪುರ ಬಿತ್ತು; ನಾಲ್ಕು ದಿನಗಳಲ್ಲಿ ಜಪಾನಿನ ವಿಮಾನಗಳು ಆಸ್ಟ್ರೇಲಿಯಾದ ಡಾರ್ವಿನ್ ಮೇಲೆಯೇ ಬಾಂಬು ಸುರಿದವು. ಜುಲೈ 21ರಂದು ಜಪಾನೀಯರು ಪಪುವಾದ ಉತ್ತರ ಕರಾವಳಿಯಲ್ಲಿ ಇಳಿದು, ಓವನ್ ಸ್ಟ್ಯಾನ್ಲಿ ಪರ್ವತಗಳನ್ನು ದಾಟಿ ಪೋರ್ಟ್ ಮೋರ್ಸ್‌ಬಿಯತ್ತ ಹೊರಟಾಗ, 96 ಕಿಲೋಮೀಟರ್ ಉದ್ದದ ಆ ಕಾಲುದಾರಿಯಲ್ಲಿ ಮೊದಲು ಅಡ್ಡ ನಿಂತದ್ದು 39ನೆಯ ಬೆಟಾಲಿಯನ್, ಅಂದರೆ ಅರೆಬರೆ ತರಬೇತಿಯ ಎಳೆಯ ಹುಡುಗರು. ಕೆಸರು, ಮಲೇರಿಯಾ, ಆಮಶಂಕೆಗಳ ನಡುವೆ ಹೋರಾಡುತ್ತ ಹಿಂದೆ ಸರಿದು, ಆಗಸ್ಟ್ ಕೊನೆಗೆ ಇಸುರಾವದಲ್ಲಿ ಬೆಂಬಲ ಬರುವವರೆಗೆ ತಡೆದು, ಕೊನೆಗೆ ನವೆಂಬರ್ 2ರಂದು ಆಸ್ಟ್ರೇಲಿಯನ್ನರು ಕೊಕೊಡಾವನ್ನು ಮರಳಿ ಪಡೆದರು. ಗಾಯಾಳುಗಳನ್ನು ಆ ಜಾರುಬೆಟ್ಟಗಳಲ್ಲಿ ಹೊತ್ತು ಇಳಿಸಿದ ಪಪುವಾದ ಜನರಿಲ್ಲದೆ ಇದೊಂದೂ ಸಾಧ್ಯವಾಗುತ್ತಿರಲಿಲ್ಲ. ಅವರಲ್ಲಿ ಹಲವರನ್ನು ಬಲವಂತದಿಂದ ಕರೆತರಲಾಗಿತ್ತು. ಅವರಿಗೆ ಸಲ್ಲಬೇಕಾದ ಮನ್ನಣೆ ಬಹಳ ತಡವಾಗಿ ಬಂತು.

ಜಪಾನೀಯರ ಸೆರೆಯಾದ ಸುಮಾರು 22 ಸಾವಿರ ಆಸ್ಟ್ರೇಲಿಯನ್ನರಲ್ಲಿ ಮೂರನೆಯ ಒಂದಕ್ಕೂ ಹೆಚ್ಚು ಪಾಲು ಮರಳಿ ಬರಲಿಲ್ಲ. ಬರ್ಮಾ–ಥಾಯ್ಲೆಂಡ್ ರೈಲುಮಾರ್ಗದ ಕೆಲಸದಲ್ಲೇ 2,700ಕ್ಕೂ ಹೆಚ್ಚು ಮಂದಿ ಸತ್ತರು. ಅದೇ ಹಳಿಗಳ ಪಕ್ಕದಲ್ಲಿ, ಮಲಯಾದ ರಬ್ಬರ್ ತೋಟಗಳಿಂದ ಒಯ್ದ ತಮಿಳು ಕೂಲಿಗಳು ಸೇರಿದಂತೆ ಏಷ್ಯಾದ ಕೂಲಿಕಾರರು ಹತ್ತಾರು ಸಾವಿರ ಸಂಖ್ಯೆಯಲ್ಲಿ ಸತ್ತರು. ಸೈನಿಕರ ಸಮಾಧಿಗಳಿಗೆ ಹೆಸರುಗಳಿವೆ, ಈ ಕೂಲಿಗಳಲ್ಲಿ ಬಹುತೇಕರಿಗೆ ಸಮಾಧಿಯೂ ಇಲ್ಲ.

ಪ್ರಶ್ನೆ: ಆಸ್ಟ್ರೇಲಿಯಾದ ಮೂಲನಿವಾಸಿಗಳು ಈ ಯುದ್ಧಗಳಲ್ಲಿ ಭಾಗವಹಿಸಿದ್ದರೇ?
– ಕಲಬುರಗಿಯ ಓದುಗರು

ಉತ್ತರ: ಭಾಗವಹಿಸಿದ್ದರು, ಸರ್ಕಾರ ಬೇಡವೆಂದರೂ ಭಾಗವಹಿಸಿದ್ದರು. ಯುರೋಪಿಯನ್ ಮೂಲದವರಲ್ಲದವರನ್ನು ಸೈನ್ಯಕ್ಕೆ ಸೇರಿಸಬಾರದೆಂಬ ನಿಯಮವಿದ್ದರೂ, ಮೊದಲ ಮಹಾಯುದ್ಧದಲ್ಲಿ ಸಾವಿರಕ್ಕೂ ಹೆಚ್ಚು ಮೂಲನಿವಾಸಿಗಳು ಸೇವೆ ಸಲ್ಲಿಸಿದರು. 1917ರಲ್ಲಿ, ಸೈನಿಕರ ಕೊರತೆ ಬಿದ್ದಾಗ, ತಂದೆ ತಾಯಿಗಳಲ್ಲಿ ಒಬ್ಬರು ಯುರೋಪಿಯನ್ನರಾಗಿದ್ದರೆ ಸಾಕೆಂದು ನಿಯಮ ಸಡಿಲಿಸಲಾಯಿತು. ಸಮವಸ್ತ್ರದಲ್ಲಿದ್ದಷ್ಟು ಕಾಲ ಒಂದೇ ಸಂಬಳ, ಒಂದೇ ಕಂದಕ. ಮರಳಿದ ಮೇಲೆ, ಯೋಧರಿಗೆಂದು ಸರ್ಕಾರ ಕೊಟ್ಟ ಜಮೀನು ಅವರಲ್ಲಿ ಬೆರಳೆಣಿಕೆಯವರಿಗಷ್ಟೇ ದಕ್ಕಿತು; ಕೆಲವೆಡೆ ಅವರ ಸಮುದಾಯದ ನೆಲವನ್ನೇ ಬಿಳಿಯ ಸೈನಿಕರಿಗೆ ಹಂಚಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಟೋರೆಸ್ ಜಲಸಂಧಿಯ ದ್ವೀಪವಾಸಿಗಳ ಬೆಟಾಲಿಯನ್ ಒಂದಕ್ಕೆ ಬಿಳಿಯರಿಗಿಂತ ಕಡಿಮೆ ಸಂಬಳ ಕೊಡಲಾಗುತ್ತಿತ್ತು. ಅವರು ಮುಷ್ಕರ ಹೂಡಿದರು. ಬಾಕಿ ಹಣ ಅವರ ಕೈಸೇರಿದ್ದು 1980ರ ದಶಕದಲ್ಲಿ. 1944ರಲ್ಲಿ ಅಧಿಕಾರಿಯಾಗಿ ನೇಮಕಗೊಂಡ ಮೊದಲ ಮೂಲನಿವಾಸಿ ರೆಜ್ ಸಾಂಡರ್ಸ್. ಮೇಲೆ ಹೇಳಿದ ಕಾಪ್ಯೊಂಗ್ ಕಾಳಗದಲ್ಲಿ ಒಂದು ಕಂಪನಿಯನ್ನು ಮುನ್ನಡೆಸಿದವರೂ ಅವರೇ. ಆದರೆ ತಾಯ್ನಾಡಿನ ಜನಗಣತಿಯಲ್ಲಿ ಮೂಲನಿವಾಸಿಗಳನ್ನು ಪೂರ್ಣವಾಗಿ ಲೆಕ್ಕಕ್ಕೆ ಹಿಡಿಯಲು ಸಂವಿಧಾನದ ಅಡ್ಡಿ ನಿವಾರಣೆಯಾದದ್ದು 1967ರಲ್ಲಿ.

ಪ್ರಶ್ನೆ: ಮುಂದಿನ ಏಪ್ರಿಲ್‌ನಲ್ಲಿ ಸಿಡ್ನಿಯಲ್ಲಿ ಮಗನ ಮನೆಯಲ್ಲಿರುತ್ತೇನೆ. ನಮ್ಮಂಥ ಹೊರಗಿನವರು ನಸುಕಿನ ಆಚರಣೆಗೆ ಹೋಗಬಹುದೇ? ನಮ್ಮ ತಂದೆಯವರು ಭಾರತೀಯ ಸೇನೆಯಲ್ಲಿದ್ದರು. ಅವರ ಪದಕಗಳು ನನ್ನಲ್ಲಿವೆ.
– ಮೈಸೂರಿನ ಓದುಗರು

ಉತ್ತರ: ಧಾರಾಳವಾಗಿ ಹೋಗಿ. ಆಹ್ವಾನವೇನೂ ಬೇಕಿಲ್ಲ, ಯಾವ ದೇಶದವರಿಗೂ ತಡೆಯಿಲ್ಲ. ಮುಖ್ಯ ಸ್ಮಾರಕಗಳಲ್ಲಿ ಬಹಳ ಜನ ಸೇರುವುದರಿಂದ ಬೆಳಕು ಹರಿಯುವುದಕ್ಕೆ ಬಹಳ ಮುಂಚೆಯೇ ತಲುಪಬೇಕು. ವಯಸ್ಸಾದವರಿಗೆ ಬಡಾವಣೆಯ ಚಿಕ್ಕ ಸ್ಮಾರಕವೇ ಹೆಚ್ಚು ಅನುಕೂಲ. ಅಲ್ಲಿ ಅದು ಶರತ್ಕಾಲ, ಬೆಚ್ಚಗಿನ ಬಟ್ಟೆ ಇರಲಿ. ಕಾವಲಿನ ಸೈನಿಕರು ರೈಫಲ್‌ಗಳನ್ನು ತಲೆಕೆಳಗಾಗಿ ಹಿಡಿದು ತಲೆ ಬಾಗಿಸಿ ನಿಂತಿರುತ್ತಾರೆ. ಪ್ರಾರ್ಥನೆ, ಹೂಮಾಲೆ ಅರ್ಪಣೆ, ಶ್ರದ್ಧಾಂಜಲಿಯ ಪದ್ಯದ ಬಳಿಕ ‘ಲಾಸ್ಟ್ ಪೋಸ್ಟ್’ ಕಹಳೆ ಮೊಳಗುತ್ತದೆ. ನಂತರ ಮೌನ, ಮತ್ತೆ ಕಹಳೆ. ಪದ್ಯದ ಕೊನೆಯ ಮಾತನ್ನು ನೆರೆದವರೆಲ್ಲರೂ ಒಟ್ಟಾಗಿ ಹೇಳುವುದುಂಟು. ಅಲ್ಲಿ ಚಪ್ಪಾಳೆ ತಟ್ಟುವುದಿಲ್ಲ. ಆಮೇಲೆ ನಡೆಯುವ ಯೋಧರ ಮೆರವಣಿಗೆಯಲ್ಲಿ ತಟ್ಟಬಹುದು, ತಟ್ಟಬೇಕು ಕೂಡ. ಭಾರತೀಯ ಸೇನೆಯಲ್ಲಿದ್ದು ಅಲ್ಲಿ ನೆಲೆಸಿರುವ ನಿವೃತ್ತ ಯೋಧರೂ ಕೆಲವು ನಗರಗಳಲ್ಲಿ ಅದರಲ್ಲಿ ಹೆಜ್ಜೆ ಹಾಕುತ್ತಾರೆ. ಎದೆಗೆ ಸಿಕ್ಕಿಸುವುದು ರೋಸ್‌ಮರಿಯ ಎಲೆಕಡ್ಡಿ. ಅದು ಗ್ಯಾಲಿಪೊಲಿಯ ಗುಡ್ಡಗಳಲ್ಲಿ ತಾನಾಗಿ ಬೆಳೆಯುತ್ತದೆ.

ಪದಕಗಳ ವಿಷಯದಲ್ಲಿ ಅಲ್ಲಿ ಒಂದು ಕಟ್ಟುನಿಟ್ಟಾದ ರೂಢಿಯಿದೆ. ಸ್ವತಃ ಗಳಿಸಿದವರು ಅವುಗಳನ್ನು ಎದೆಯ ಎಡಭಾಗದಲ್ಲಿ ಧರಿಸುತ್ತಾರೆ. ತಂದೆ, ಅಜ್ಜ ಮುಂತಾದ ಹಿರಿಯರದನ್ನು ಧರಿಸುವವರು ಬಲಭಾಗದಲ್ಲಿ. ತಾವು ತಮ್ಮ ತಂದೆಯವರ ಪದಕಗಳನ್ನು ಕೋಟಿನ ಬಲಭಾಗಕ್ಕೆ ಹಾಕಿಕೊಂಡು ಹೋಗಬಹುದು. ಪಕ್ಕದಲ್ಲಿ ನಿಂತವರು ಅವು ಯಾವ ಯುದ್ಧದವೆಂದು ಬಹುಶಃ ಕೇಳಿಯೇ ಕೇಳುತ್ತಾರೆ, ಆದ್ದರಿಂದ ಹೊರಡುವ ಮುನ್ನ ತಂದೆಯವರ ರೆಜಿಮೆಂಟು ಮತ್ತು ಸೇವೆಯ ವರ್ಷಗಳನ್ನು ಮನೆಯ ಕಾಗದಪತ್ರಗಳಲ್ಲಿ ಒಮ್ಮೆ ನೋಡಿಕೊಂಡಿರಿ.